ಡ್ರೈವರ್ ಸೀಟಿನ ಲೆದರ್ ಸವೆದಿದ್ದಕ್ಕೆ

ಕುಮಟಾದಿಂದ ಕೇಳಿದವರಿಗೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಸವೆದು ಬಣ್ಣ ಹೋಗಿದೆ, ಸಣ್ಣ ಬಿರುಕೂ ಬಿದ್ದಿದೆ, ತೆಂಗಿನೆಣ್ಣೆ ಹಚ್ಚಬಹುದಾ ಅಂದಿದ್ದೀರಿ. ಬೇಡ ಮಾರಾಯ್ರೇ. ಈಗಿನ ಕಾರುಗಳ ಲೆದರ್ ಮೇಲೆ ಸಾಮಾನ್ಯವಾಗಿ ಬಣ್ಣದ ಪದರ, ಅದರ ಮೇಲೊಂದು ತೆಳು ಕೋಟಿಂಗ್ ಇರುತ್ತದೆ. ಹತ್ತಿ ಇಳಿಯುವಾಗ ತೊಡೆ ಉಜ್ಜಿ ಮೊದಲು ಹೋಗುವುದು ಅದೇ. ಎಣ್ಣೆ ಹಚ್ಚಿದರೆ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ, ಆಮೇಲೆ ಬಣ್ಣವೂ ಕಚ್ಚುವುದಿಲ್ಲ. ಶೂ ಪಾಲಿಶ್ ಅಂತೂ ಬೇಡವೇ ಬೇಡ, ಬಿಳಿ ಪಂಚೆ ಉಟ್ಟು ಕೂತರೆ ಗೊತ್ತಾಗುತ್ತದೆ.

ಮೊದಲು ಅದು ಲೆದರ್ ಹೌದಾ ನೋಡಿ. ನಮ್ಮಲ್ಲಿ ಲೆದರ್ ಸೀಟ್ ಅನ್ನುವುದು ಎಷ್ಟೋ ಸಲ ರೆಕ್ಸಿನ್ನೇ. ಸವೆದ ಜಾಗ ನಾರುನಾರಾಗಿ ಮೆತ್ತಗೆ ಕಂಡರೆ ಚರ್ಮ. ಮೇಲಿನ ಪದರ ಸಿಪ್ಪೆ ಎದ್ದು ಕೆಳಗೆ ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ಅದಕ್ಕೆ ಬಣ್ಣ ಹಚ್ಚುವುದು ಸುಮ್ನೆ ದುಡ್ಡು ದಂಡ, ಆ ತುಂಡು ಬಿಚ್ಚಿ ಹೊಸದು ಹೊಲಿಸಿ.

ಚರ್ಮವೇ ಆದರೆ ಅರ್ಧ ಕೆಲಸ ತೊಳೆಯುವುದರಲ್ಲೇ ಇದೆ. ಹೊಲಿಗೆಯ ಸಂದಿಯಲ್ಲಿ ಬೀಚಿನ ಮರಳು ಕೂತಿರುತ್ತದೆ, ವ್ಯಾಕ್ಯೂಮ್ ಹಾಕಿ ತೆಗೆಯಿರಿ, ಇಲ್ಲದಿದ್ದರೆ ಕೂತಾಗೆಲ್ಲ ಅದೇ ಉಜ್ಜುತ್ತಿರುತ್ತದೆ. ಲೆದರ್ ಕ್ಲೀನರ್ ನೊರೆ ಮಾಡಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ ಮೇಲೆ ಸವೆದ ಜಾಗಕ್ಕೆ ಮಾತ್ರ 600 ನಂಬರಿನ ಸ್ಯಾಂಡ್ ಪೇಪರ್ ಹಗುರಾಗಿ ಆಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಜಿಡ್ಡು ತೆಗೆಯಿರಿ. ಬಿರುಕಿಗೆ ಲೆದರ್ ಫಿಲ್ಲರ್ (ಬಿರುಕು ತುಂಬುವ ಪೇಸ್ಟ್) ತೆಳ್ಳಗೆ ಸವರಿ, ಒಣಗಲು ಬಿಟ್ಟು, ಮತ್ತೆ ತೆಳ್ಳಗೆ. ಒಂದೇ ಸಲ ದಪ್ಪಕ್ಕೆ ಮೆತ್ತಿದರೆ ಕೂತ ಕೂಡಲೇ ಒಡೆಯುತ್ತದೆ. ಫೆವಿಕ್ವಿಕ್ ಹಾಕಬೇಡಿ, ಅದು ಗಟ್ಟಿಯಾಗಿ ಅದರ ಅಂಚಲ್ಲೇ ಚರ್ಮ ಹರಿಯುತ್ತದೆ.

ಬಣ್ಣ ಹೊಂದಿಸುವುದು ತೊಳೆದ ಮೇಲೆಯೇ, ಯಾಕೆಂದರೆ ಕೊಳೆ ಹೋದ ಮೇಲೆ ಸೀಟಿನ ಬಣ್ಣವೇ ಬೇರೆ ಕಾಣುತ್ತದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಒಣಗಿದ ಮೇಲೆ ಹಗಲ ಬೆಳಕಲ್ಲಿ ನೋಡಿ. ಲೆದರ್ ಬಣ್ಣದಲ್ಲಿ ಸ್ಪಂಜು ಅದ್ದಿ ಒತ್ತಿ ಒತ್ತಿ ಹಚ್ಚಿ, ಎಳೆಯಬೇಡಿ. ತೆಳ್ಳಗೆ ಮೂರು ನಾಲ್ಕು ಕೋಟ್, ನಡುನಡುವೆ ದೂರದಿಂದ ಹೇರ್ ಡ್ರೈಯರ್. ಕೊನೆಗೆ ಮ್ಯಾಟ್ ಟಾಪ್‌ಕೋಟ್, ಅಂದರೆ ಹೊಳಪಿಲ್ಲದ ಮೇಲಿನ ಕೋಟಿಂಗ್. ಹೊಳೆಯುವುದು ತಂದರೆ ಆ ಜಾಗ ಮಾತ್ರ ಎದ್ದು ಕಾಣುತ್ತದೆ.

ಇದನ್ನೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಬೇಡಿ. ನಮ್ಮ ಕರಾವಳಿಯ ಥಂಡಿಯಲ್ಲಿ ನೀರು ಬೆರೆತ ಈ ಲೆದರ್ ಬಣ್ಣ ಬೇಗ ಒಣಗುವುದಿಲ್ಲ, ಅಂಟಂಟಾಗಿರುವಾಗಲೇ ಕೂತರೆ ಬಣ್ಣವೆಲ್ಲ ಪ್ಯಾಂಟಿಗೆ. ದೀಪಾವಳಿ ಕಳೆಯಲಿ. ಅಲ್ಲಿವರೆಗೆ ಬೂಷ್ಟು ಬಂದರೆ ಒರೆಸಿ, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ.

ಇನ್ನೊಂದು, ಸೀಟಿನ ಬೆನ್ನಿನ ಬದಿಯಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಇದೆಯಾ ನೋಡಿ. ಇದ್ದರೆ ಆ ಬದಿಯ ಹೊಲಿಗೆ ಬಿಚ್ಚುವುದು, ಅಂಟಿಸುವುದು, ಮೇಲೆ ದಪ್ಪ ಕವರ್ ಹಾಕುವುದು ಯಾವುದೂ ಬೇಡ. ಬ್ಯಾಗ್ ಅದೇ ಹೊಲಿಗೆ ಹರಿದು ಹೊರಗೆ ಬರಬೇಕು. ಅಲ್ಲೇ ಹರಿದಿದ್ದರೆ ಕಂಪನಿಯ ಸರ್ವೀಸ್ ಸೆಂಟರ್‌ಗೇ ಒಯ್ಯಿರಿ.

ಸವೆದ ಜಾಗದ ಹತ್ತಿರದ ಫೋಟೋ ಒಂದು ಹಾಕಿ, ಚರ್ಮವೋ ರೆಕ್ಸಿನ್ನೋ ನೋಡಿ ಹೇಳುತ್ತೇನೆ.