ಶೆಡ್ಡಿನ ಗೋಡೆಗೆ ತಾಗಿ ಸಾಲುಮನೆಗಳು

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಹೀಗಿದೆ:

‘1994ರಲ್ಲಿ ಸಾಲ ಮಾಡಿ ಶೆಡ್ ಹಾಕಿದೆ. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಎರಡು ಪವರ್ ಪ್ರೆಸ್, ಲೋಹ ಕಡೆಯುವ ನಾಲ್ಕು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇವೆ. ಒಂಬತ್ತು ಜನ ಕೆಲಸಗಾರರಿದ್ದಾರೆ. ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳು ಕೊಡುವ ಬಿಡಿಕೆಲಸ ನಂಬಿಕೊಂಡೇ ಬದುಕಿದ್ದೇವೆ. ನಮ್ಮ ಹಿಂದುಗಡೆಯ ಫೌಂಡ್ರಿ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಮುಚ್ಚಿತು, ಜಾಗವನ್ನು ಬಿಲ್ಡರ್ ಒಬ್ಬರು ಕೊಂಡರು. ಮೂರು ಅಂತಸ್ತಿನ ಸಾಲುಮನೆಗಳು ಬರುತ್ತವೆ ಎಂದು ದೊಡ್ಡ ಫಲಕ ನಿಲ್ಲಿಸಿದ್ದಾರೆ. “ಮೆಟ್ರೋ ಪಕ್ಕದಲ್ಲೇ ಪ್ರಶಾಂತ ಬದುಕು” ಎಂದು ಅದರಲ್ಲಿ ಬರೆದಿದೆ. ನೆಲ ಸಮ ಮಾಡುವ ಕೆಲಸ ನಡೆದಿದೆ. ನಾಳೆ ಆ ಮನೆಯವರು ಬಂದು ನನ್ನ ಪ್ರೆಸ್ ನಿಲ್ಲಿಸು ಎಂದರೆ? ಮೊದಲು ಬಂದವನಿಗೆ ಬೆಲೆಯೇ ಇಲ್ಲವೇ? ಮಗ ಶೆಡ್ ಮಾರಿಬಿಡೋಣ ಎನ್ನುತ್ತಾನೆ. ನೀವೇನು ಹೇಳುತ್ತೀರಿ?’

ಮಾನ್ಯರೇ,

ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ‘ನಾನು ಮೊದಲು ಬಂದವನು’ ಎಂಬ ಒಂದೇ ವಾದವನ್ನು ನೆಚ್ಚಿಕೊಂಡರೆ ನ್ಯಾಯಾಲಯದಲ್ಲಿ ಕಾಲೂರಿ ನಿಲ್ಲುವುದು ಕಷ್ಟ. 1879ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾದ ಮೊಕದ್ದಮೆಯೊಂದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ವಿಗ್ಮೋರ್ ಬೀದಿಯಲ್ಲಿ ಬ್ರಿಡ್ಜ್‌ಮನ್ ಎಂಬ ಮಿಠಾಯಿ ತಯಾರಕನಿದ್ದ. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ದೊಡ್ಡ ಒರಳುಗಳನ್ನಿಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕುಟ್ಟುತ್ತಾ ಬಂದಿದ್ದ. ಯಾರೂ ಚಕಾರ ಎತ್ತಿರಲಿಲ್ಲ. ಆಮೇಲೆ ಪಕ್ಕದ ಮನೆಗೆ ಬಂದ ಸ್ಟರ್ಜಸ್ ಎಂಬ ವೈದ್ಯರು ತಮ್ಮ ತೋಟದ ಕೊನೆಗೆ, ಆ ಅಡುಗೆಮನೆಯ ಗೋಡೆಗೇ ತಾಗಿಸಿ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದರು. ಒರಳಿನ ಸದ್ದು ಅವರಿಗೆ ಉಪದ್ರವವಾಯಿತು. ಗೆದ್ದದ್ದು ವೈದ್ಯರು. ಕೋಣೆ ಕಟ್ಟುವ ತನಕ ದೂರುವುದಕ್ಕೆ ಕಾರಣವೇ ಇರಲಿಲ್ಲವಾದ್ದರಿಂದ, ಅಷ್ಟು ವರ್ಷ ಕುಟ್ಟಿದ್ದರಿಂದ ಮಿಠಾಯಿಯವನಿಗೆ ಯಾವ ಹಕ್ಕೂ ಹುಟ್ಟಿಲ್ಲ ಎಂದಿತು ನ್ಯಾಯಾಲಯ. ನಮ್ಮ ದೇಶದ ಉಪದ್ರವದ (ನ್ಯೂಸೆನ್ಸ್) ಕಾನೂನಿಗೂ ಆ ಇಂಗ್ಲಿಷ್ ಕಾನೂನೇ ತಾಯಿಬೇರು.

ಆದರೆ ಅದೇ ತೀರ್ಪಿನಲ್ಲಿ ನಿಮ್ಮ ಪಾಲಿನ ಮಾತೂ ಒಂದಿದೆ. ಬೆಲ್‌ಗ್ರೇವ್ ಚೌಕದಲ್ಲಿ ಉಪದ್ರವ ಎನಿಸುವುದು ಬರ್ಮಂಡ್ಸಿಯಲ್ಲಿ ಉಪದ್ರವ ಆಗಬೇಕೆಂದಿಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದರು. ಬೆಲ್‌ಗ್ರೇವ್ ಶ್ರೀಮಂತರ ಮನೆಗಳ ಜಾಗ, ಬರ್ಮಂಡ್ಸಿ ತೊಗಲು ಹದ ಮಾಡುವವರ ಕೇರಿ. ಅಂದರೆ ಒಂದು ಸದ್ದು ಸಹಿಸತಕ್ಕದ್ದೋ ಅಲ್ಲವೋ ಎಂಬುದಕ್ಕೆ ಆ ಪ್ರದೇಶದ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಪೀಣ್ಯ ನಮ್ಮ ಬರ್ಮಂಡ್ಸಿ. ಹಾಗಾಗಿ ನಿಮ್ಮ ಬಲ ಇರುವುದು 1994 ಎಂಬ ಇಸವಿಯಲ್ಲಲ್ಲ, ನಿಮ್ಮ ಶೆಡ್ ನಿಂತ ನೆಲವನ್ನು ನಗರ ಯೋಜನೆಯ ನಕ್ಷೆಯಲ್ಲಿ ಕೈಗಾರಿಕೆಗೆಂದು ಗುರುತಿಸಿದೆಯೇ ಎಂಬುದರಲ್ಲಿ. ನಿಮ್ಮ ಹೋರಾಟವೂ ಅಲ್ಲಿಂದಲೇ ಶುರುವಾಗಬೇಕು, ಮನೆಗಳಿಗೆ ಜನ ಬಂದು ಹಾಲುಕ್ಕಿಸಿದ ಮೇಲೆ ಅಲ್ಲ.

ಇದು ಏಕೆ ಇಷ್ಟು ಮುಖ್ಯ ಎಂಬುದಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳನ್ನು ನೋಡಿ. ಕೈಗಾರಿಕಾ ಪ್ರದೇಶದಲ್ಲಿ ಹಗಲು 75 ಡೆಸಿಬಲ್, ರಾತ್ರಿ 70 ಡೆಸಿಬಲ್ ಮಿತಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು ಎಂದು ಲೆಕ್ಕ. ಡೆಸಿಬಲ್ ಎಂಬುದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಪ್ರತಿ ಹತ್ತಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತದೆ. ಹಾಗಾಗಿ 75ಕ್ಕೂ 55ಕ್ಕೂ ನಡುವೆ ನೂರು ಪಟ್ಟು ಅಂತರ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ಯಾರು ಬೇಕಾದರೂ ದೂರು ಕೊಡಬಹುದು. ಎರಡೂ ಬಗೆಯ ಬಳಕೆ ಬೆರೆತ ಜಾಗವನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದನ್ನು ಅಧಿಕಾರಿಗಳು ತೀರ್ಮಾನಿಸುತ್ತಾರೆ. ನಿಮ್ಮ ಹಿಂದಿನ ಜಾಗ ವಸತಿ ಎಂದಾದ ದಿನ, ನಿಮ್ಮ ಪ್ರೆಸ್ ಒಂದಿಂಚೂ ಅಲುಗದೆ, ಒಂದು ಏಟೂ ಹೆಚ್ಚು ಹೊಡೆಯದೆ, ಗೋಡೆಯಾಚೆ ಕಾನೂನುಬಾಹಿರ ಸದ್ದಾಗಿಬಿಡಬಹುದು. ನನಗೆ ಅನ್ಯಾಯ ಎನಿಸುವುದು ಈ ಜಾಗದಲ್ಲಿ. ಹೊಸ ಮನೆಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಆದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಹಿಂದಿನ ಜಾಗದ ಸರ್ವೆ ನಂಬರಿನ ಭೂಬಳಕೆ ಬದಲಾಗಿದೆಯೇ, ಅರ್ಜಿ ಬಾಕಿ ಇದೆಯೇ ಎಂದು ಯೋಜನಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನ ಪ್ರಕಾರ ಭೂಬಳಕೆ ಬದಲಾಯಿಸುವ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆಗಳು ಒಳಪುಟದ ಮೂಲೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಬರುತ್ತವೆ. ಅವಧಿ ಇನ್ನೂ ಮುಗಿದಿಲ್ಲವಾದರೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಅದರಲ್ಲಿ ‘ಮನೆ ಬೇಡ’ ಎಂದು ಬರೆಯಬೇಡಿ. ನಿಮ್ಮಲ್ಲಿ ಯಾವ ಯಂತ್ರಗಳಿವೆ, ಎಷ್ಟು ಹೊತ್ತು ಓಡುತ್ತವೆ, ಗೋಡೆಯ ಬಳಿ ಎಷ್ಟು ಡೆಸಿಬಲ್ ಬರುತ್ತದೆ ಎಂಬುದನ್ನು ಅಳೆಸಿ ಬರೆಯಿರಿ. ಮನೆ ಕಟ್ಟುವುದಾದರೆ ಸದ್ದು ತಡೆಯುವ ಹೊಣೆ ಕಟ್ಟುವವರದಾಗಲಿ ಎಂದು ಕೇಳಿ.

ಹೀಗೆ ಕೇಳುವುದು ನಾನು ಹುಟ್ಟಿಸಿಕೊಂಡ ಮಾತಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಸಂಗೀತ ಕಛೇರಿಗಳ ಜಾಗಗಳಿಗಾಗಿ ಇಂಥದೇ ನಿಯಮ ತಂದಿತು. ಹಳೆಯ ಜಾಗದ ಪಕ್ಕ ಹೊಸದಾಗಿ ಮನೆ ಕಟ್ಟುವವರೇ ಸದ್ದು ತಡೆಯುವ ಖರ್ಚು ಹೊರಬೇಕು. ಇಂಗ್ಲೆಂಡ್ 2018ರಲ್ಲಿ ತನ್ನ ರಾಷ್ಟ್ರೀಯ ಯೋಜನಾ ನೀತಿಯಲ್ಲಿ ಇದನ್ನು ಸೇರಿಸಿಕೊಂಡಿತು. 2021ರ ಲಂಡನ್ ಯೋಜನೆಯಲ್ಲೂ ಇದಕ್ಕೊಂದು ಕಲಮಿದೆ. ವಿಗ್ಮೋರ್ ಬೀದಿಯ ಮಿಠಾಯಿಯವನಿಗೆ ಸಿಗದ ರಕ್ಷಣೆಯನ್ನು ಅದೇ ಊರು ಶತಮಾನ ದಾಟಿದ ಮೇಲೆ ಯೋಜನೆಯ ಹಂತದಲ್ಲಿ ಕೊಟ್ಟಿದೆ. ನಮ್ಮಲ್ಲಿ ಇಂಥ ಕಡ್ಡಾಯ ನಿಯಮ ಬರಬೇಕು. ಬೆಂಗಳೂರಿನ ಮುಂದಿನ ಮಹಾಯೋಜನೆ ಬರೆಯುವವರು ಪೀಣ್ಯ, ಬೊಮ್ಮಸಂದ್ರ, ಯಶವಂತಪುರದ ನೆಲಕ್ಕೆ ನಕ್ಷೆಯಲ್ಲಿ ಭೂಬಳಕೆಯ ಬಣ್ಣ ಬಳಿಯುವ ಮುನ್ನ ಇದನ್ನು ಬರೆದುಕೊಳ್ಳಬೇಕು ಎಂದು ಈ ಪತ್ರಿಕೆ ಒತ್ತಾಯಿಸುತ್ತದೆ.

ಇನ್ನು ನಿಮಗೆ ರುಚಿಸದ ಮಾತು. ವೈಟ್‌ಫೀಲ್ಡ್ ದಾರಿಯ ಗ್ರಾಫೈಟ್ ಇಂಡಿಯಾ ಕಾರ್ಖಾನೆ ನಿಮಗೆ ಗೊತ್ತಿರುತ್ತದೆ. ಸುತ್ತಲಿನ ಮನೆಗಳವರು ಕರಿಮಸಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಕಾರ್ಖಾನೆ ನಿಂತಿತು. ಅಲ್ಲಿಯೂ ಕಾರ್ಖಾನೆ ಮೊದಲು, ಹೆಚ್ಚಿನ ಮನೆಗಳು ಆಮೇಲೆ. ಆದರೂ ನಾನು ಆ ನಿವಾಸಿಗಳ ಪರ. ಮಗುವಿನ ಶ್ವಾಸಕೋಶಕ್ಕೆ ಹೋಗುವ ಮಸಿಯ ವಿಷಯದಲ್ಲಿ ಯಾರು ಮೊದಲು ಬಂದರು ಎಂದು ಕೇಳುವುದು ಸಲ್ಲದು. ಕೆಲಸದ ಸಮಯದ ಸದ್ದು ಒಂದು ಬಗೆ, ಗಾಳಿಗೂ ನೀರಿಗೂ ಇಳಿಯುವ ವಿಷ ಬೇರೆಯೇ ಬಗೆ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷ ಸಿಕ್ಕಿರುವುದು ಗುಟ್ಟೇನಲ್ಲ. ಪ್ಲೇಟಿಂಗ್ (ಲೋಹದ ಮೇಲೆ ಇನ್ನೊಂದು ಲೋಹದ ಲೇಪ) ಮಾಡುವ ಕೆಲವರು ತೊಳೆದ ನೀರನ್ನು ಹಾಗೇ ಮೋರಿಗೆ, ಕೊಳವೆಬಾವಿಗೆ ಬಿಟ್ಟದ್ದರ ಫಲ ಅದು. ಪ್ಲೇಟಿಂಗ್ ಘಟಕಗಳು ಹೆಚ್ಚು ಮಾಲಿನ್ಯದ ಕೈಗಾರಿಕೆಗಳ ಕೆಂಪು ವರ್ಗಕ್ಕೆ ಸೇರುವುದು ಇದಕ್ಕೇ. ನಿಮ್ಮ ಶೆಡ್ಡಿನಲ್ಲಿ ಪ್ಲೇಟಿಂಗ್ ಇಲ್ಲ ಎಂದು ಬರೆದಿದ್ದೀರಿ, ಸಂತೋಷ. ಆದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯಾಚರಣೆ ಸಮ್ಮತಿ ಪತ್ರದ ಅವಧಿ ಮುಗಿದಿದೆಯೇ, ಯಂತ್ರಕ್ಕೆ ಬಳಸಿದ ಕೂಲೆಂಟ್ (ತಂಪು ಮಾಡುವ ದ್ರವ) ಮತ್ತು ಹಳೆಯ ಎಣ್ಣೆಯನ್ನು ಯಾರಿಗೆ ಕೊಡುತ್ತೀರಿ, ರಸೀದಿ ಇದೆಯೇ ಎಂಬುದನ್ನೆಲ್ಲ ಸರಿಮಾಡಿಟ್ಟುಕೊಳ್ಳಿ. ಕಾಗದ ಸರಿಯಿಲ್ಲದವರ ಮೇಲೆ ಮೊದಲ ದೂರೇ ಬೀಗ ಹಾಕಿಸುತ್ತದೆ.

ಪ್ರೆಸ್ಸಿನ ವಿಷಯಕ್ಕೆ ಬರೋಣ. ನಿಮ್ಮ ಓಣಿಗೆ ಬಂದು ಹೊರಗೆ ನಿಂತು ಕೇಳಿದೆ. ಲೇತಿನ ಸದ್ದು ಒಂದೇ ಸಮನೆ ಬರುತ್ತದೆ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಪ್ರೆಸ್ಸಿನ ಏಟು ಹಾಗಲ್ಲ. ಅದು ಕಿವಿಗೆ ಬೀಳುವ ಮೊದಲು ಅಂಗಾಲಿಗೆ ತಿಳಿಯುತ್ತದೆ. ಊಟದ ಹೊತ್ತಿಗೆ ನಿಂತಾಗಲೇ ಅದು ಅಷ್ಟು ಹೊತ್ತು ಬಡಿಯುತ್ತಿತ್ತು ಎಂಬ ಅರಿವಾದದ್ದು. ಆ ಅದುರು ನೆಲದೊಳಗಿನಿಂದಲೇ ಸಾಗಿ ಪಕ್ಕದ ಮನೆಯ ಅಡಿಪಾಯ ಹತ್ತುತ್ತದೆ. ಗೋಡೆ ಎಷ್ಟು ದಪ್ಪ ಕಟ್ಟಿದರೂ ಅದನ್ನು ತಡೆಯಲಾರದು. ಪ್ರೆಸ್ಸಿನ ಬುಡಕ್ಕೆ ಅದುರು ಹೀರುವ ರಬ್ಬರ್ ಪ್ಯಾಡ್ ಕೂರಿಸುವುದು, ಅಡಿಯ ಕಾಂಕ್ರೀಟನ್ನು ಸುತ್ತಲಿನ ನೆಲಹಾಸಿನಿಂದ ಬೇರ್ಪಡಿಸುವುದು ನಿಮ್ಮ ಕೈಯಲ್ಲೇ ಇದೆ. ಎರಡು ಪ್ರೆಸ್‌ಗಳನ್ನೂ ರಸ್ತೆಯ ಕಡೆಗೆ ಸರಿಸಲು ಸಾಧ್ಯವೇ ನೋಡಿ. ಇನ್ನೊಂದು ವಿಷಯ ನಿಮ್ಮ ಚಾವಣಿ. ತಗಡಿನ ಶೀಟು ಸದ್ದನ್ನು ಹಿಡಿದಿಡುವುದಿಲ್ಲ. ನಡುವೆ ಎಂಟಡಿ ಕಾಂಪೌಂಡ್ ಇದ್ದರೂ ಮೂರನೇ ಅಂತಸ್ತಿನ ಕಿಟಕಿಗೆ ನಿಮ್ಮ ಚಾವಣಿ ನೇರವಾಗಿ ಕಾಣುತ್ತದೆ. ಕಂಡಲ್ಲಿಗೆ ಸದ್ದೂ ಮುಟ್ಟುತ್ತದೆ.

ಆ ಕಿಟಕಿ ಎಲ್ಲಿರಬೇಕು ಎಂಬುದು ಮಾತ್ರ ಬಿಲ್ಡರ್ ಕೈಯಲ್ಲಿದೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗ ಇದಕ್ಕೆ ತಗಲುವ ಖರ್ಚು ಅಲ್ಪ. ಮೆಟ್ಟಿಲು, ಬಚ್ಚಲು, ಉಗ್ರಾಣ ನಿಮ್ಮ ಗೋಡೆಯ ಕಡೆಗೆ ಬರಲಿ, ಮಲಗುವ ಕೋಣೆಗಳು ಆಚೆ ಕಡೆಗೆ. ಜೋಡಿ ಗಾಜಿನ ಕಿಟಕಿ ಹಾಕುವುದಾದರೆ ಅದನ್ನು ಮುಚ್ಚಿಟ್ಟಾಗಲೂ ಗಾಳಿ ಬರುವ ಏರ್ಪಾಟು ಬೇಕು, ಏಕೆಂದರೆ ಬೆಂಗಳೂರಿನವರು ಸಂಜೆ ಕಿಟಕಿ ತೆರೆಯುವವರೇ. ಸಾಲುಮನೆ ನಮಗೆ ಹೊಸದಲ್ಲ. ಪೇಟೆಯ ವಠಾರಗಳಲ್ಲಿ ಒಂದೇ ಗೋಡೆಗೆ ಎರಡು ಸಂಸಾರ ಬಾಳಿದವು. ಕಬ್ಬನ್‌ಪೇಟೆಯ ಮಗ್ಗದ ಮನೆಗಳಲ್ಲಿ ಮಕ್ಕಳು ಲಾಳಿಯ ಸದ್ದಿನಲ್ಲೇ ನಿದ್ದೆ ಹೋದರು. ಆದರೆ ಆ ಮಗ್ಗ ಅವರದೇ ಅನ್ನದ ಮಗ್ಗ. ಎಚ್‌ಎಂಟಿಯಂಥ ಕಾರ್ಖಾನೆಗಳು ಜಾಲಹಳ್ಳಿಯಲ್ಲಿ ತಮ್ಮ ನೌಕರರಿಗೆಂದು ತಾವೇ ಮನೆ ಕಟ್ಟಿದವು. ನಿಮ್ಮ ಹಿಂದೆ ಬರುವ ಮನೆಗಳಿಗೆ ಆ ಕೊಂಡಿ ಇಲ್ಲ. ನಿಮ್ಮ ಒಂಬತ್ತು ಜನರಲ್ಲಿ ಒಬ್ಬರಿಗೂ ಅಲ್ಲಿ ಮನೆ ಕೊಳ್ಳಲಾಗದು. ಪೀಣ್ಯಕ್ಕೆ 2014ರ ಮಾರ್ಚ್‌ನಲ್ಲಿ ಮೆಟ್ರೋ ಬಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಐಟಿಐ ಮುಗಿಸಿದ ಹುಡುಗರಿಗೆ ಕೆಲಸದ ಜಾಗ ಹತ್ತಿರವಾಗಲಿ ಎಂದು ನಾವೆಲ್ಲ ಹಾರೈಸಿದ್ದೆವು. ನೆಲದ ಬೆಲೆ ಏರಿ ಆ ಕೆಲಸಗಳೇ ನೆಲಮಂಗಲದಾಚೆ ಹೋಗುವುದಾದರೆ ಆ ರೈಲು ಯಾರಿಗೆ?

ಈ ಪುಟ ಓದುವವರಲ್ಲಿ ಅಂಥ ಮನೆ ಕೊಳ್ಳಲು ಹೊರಟವರೂ ಇದ್ದಾರೆ. ಅವರಿಗೂ ಎರಡು ಮಾತು. 500 ಚದರ ಮೀಟರ್ ಮೀರಿದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಲೇಬೇಕು. ಭೂಬಳಕೆಯ ಆದೇಶ, ಮಂಜೂರಾದ ನಕ್ಷೆ, ಮೂಲಪತ್ರ ನೋಡದೆ ಮುಂಗಡ ಕೊಡಬೇಡಿ. ಜಾಗ ಒಂದು ಕಾಲಕ್ಕೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿದ್ದಾಗಿದ್ದರೆ ಯಾವ ಉದ್ದೇಶಕ್ಕೆ, ಯಾವ ಷರತ್ತಿಗೆ ಕೊಟ್ಟದ್ದು ಎಂದು ವಕೀಲರಿಂದ ಓದಿಸಿ. ಕರಾರುಪತ್ರ ನೋಂದಣಿಯಾಗುವ ಮುನ್ನ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಸುಳ್ಳು ಜಾಹೀರಾತು ನಂಬಿ ಮೋಸಹೋದವರಿಗೆ ರೇರಾ ಕಾಯ್ದೆಯ 12ನೇ ಕಲಮಿನಡಿ ಹಣ ವಾಪಸು ಕೇಳುವ ಹಕ್ಕಿದೆ. ‘ಪ್ರಶಾಂತ ಬದುಕು’ ಎಂಬ ಫಲಕದ ಚಿತ್ರ ತೆಗೆದಿಟ್ಟುಕೊಳ್ಳಿ. ಕೊಳವೆಬಾವಿಯ ನೀರನ್ನು ಕ್ರೋಮಿಯಂಗಾಗಿ ಪರೀಕ್ಷಿಸಿದ ವರದಿ ಕೇಳಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಫೌಂಡ್ರಿ ಇದ್ದ ನೆಲವಾದ್ದರಿಂದ ಮಣ್ಣಿನ ಪರೀಕ್ಷೆಯೂ ಆಗಲಿ. ಎಲ್ಲಕ್ಕಿಂತ ಮೊದಲು ಒಂದು ಕೆಲಸದ ದಿನ, ಪ್ರೆಸ್ ಓಡುವ ಹೊತ್ತಿನಲ್ಲಿ ಜಾಗ ನೋಡಿ. ಮಾರಾಟದವರು ಭಾನುವಾರ ಬನ್ನಿ ಎಂದರೆ ಒಪ್ಪಬೇಡಿ.

ಈಗ ನಿಮ್ಮ ಮಗನ ಮಾತು. ಅವನು ಹೇಳುವುದರಲ್ಲಿ ತಪ್ಪಿಲ್ಲ. ಮುಂದೆ ಆ ಶೆಡ್ಡಿನಲ್ಲಿ ದುಡಿಯಬೇಕಾದವನು ಅವನು. ಹಾಗಿದ್ದೂ, ದೂರು ಬರುವ ಮೊದಲೇ ಹೆದರಿ ಮಾರುವುದು ಬೇಡ ಎನ್ನುತ್ತೇನೆ. ಅಮೆರಿಕದ ಶಿಕಾಗೊ ನಗರದಲ್ಲಿ 1980ರ ದಶಕದಲ್ಲಿ ಹೀಗೇ ಒಂದೊಂದು ಶೆಡ್ ಮನೆಯಾಗತೊಡಗಿದಾಗ ಸಣ್ಣ ಕಾರ್ಖಾನೆಯವರು ಒಟ್ಟುಗೂಡಿ ನಗರಸಭೆಯ ಬಾಗಿಲು ತಟ್ಟಿದರು. 1988ರಲ್ಲಿ ಕ್ಲೈಬೋರ್ನ್ ಎಂಬಲ್ಲಿ ಮನೆ ಕಟ್ಟಲು ಅವಕಾಶವಿಲ್ಲದ ಸಂರಕ್ಷಿತ ಕೈಗಾರಿಕಾ ವಲಯವೊಂದು ಹುಟ್ಟಿತು. ಮುಂದೆ ಆ ರಕ್ಷಣೆ ಸಡಿಲವಾಯಿತು, ನಿಜ. ಆದರೆ ಅಷ್ಟು ವರ್ಷಗಳ ಕೆಲಸ ಅಲ್ಲೇ ಉಳಿಯಿತು. ಒಬ್ಬಂಟಿಯಾಗಿ ಇದು ಆಗುವ ಕೆಲಸವಲ್ಲ. ನಿಮ್ಮ ಓಣಿಯ ಶೆಡ್‌ಗಳವರನ್ನೆಲ್ಲ ಕರೆದು, ಕೈಗಾರಿಕಾ ಸಂಘದವರನ್ನೂ ಸೇರಿಸಿ ಒಂದೇ ಆಕ್ಷೇಪಣೆ ಸಲ್ಲಿಸಿ. ಬಿಲ್ಡರ್ ಜೊತೆಗೂ ಕುಳಿತು ಮಾತಾಡಿ. ‘ಪಕ್ಕದಲ್ಲಿ ಚಾಲ್ತಿಯಲ್ಲಿರುವ ಇಂಜಿನಿಯರಿಂಗ್ ಘಟಕ ಇದೆ, ಹಗಲು ಸದ್ದು ಬರುತ್ತದೆ’ ಎಂಬ ಒಂದು ಸಾಲು ಪ್ರತಿ ಕ್ರಯಪತ್ರದಲ್ಲೂ ಸೇರಲಿ ಎಂದು ಕೇಳಿ. ಅದಕ್ಕೆ ಬದಲಾಗಿ ರಾತ್ರಿ ಪಾಳಿಯಲ್ಲಿ ಪ್ರೆಸ್ ಓಡಿಸುವುದಿಲ್ಲ ಎಂದು ನೀವು ಬರೆದುಕೊಡಿ. ಸದ್ಯ ನಿಮ್ಮಲ್ಲಿ ರಾತ್ರಿ ಪಾಳಿ ಇಲ್ಲ ಎಂದಿದ್ದೀರಿ, ಹಾಗಾಗಿ ಇದರಿಂದ ನಿಮಗೆ ನಷ್ಟವಿಲ್ಲ.

ಮಾಹಿತಿ ಹಕ್ಕಿನ ಉತ್ತರ ಬಂದ ಕೂಡಲೇ ಅದರ ಪ್ರತಿಯನ್ನು ನಮಗೆ ಕಳಿಸಿ. ಭೂಬಳಕೆ ಬದಲಾಗದೆಯೇ ನೆಲ ಸಮ ಮಾಡುತ್ತಿದ್ದಾರೆ ಎಂದಾದರೆ ಅದನ್ನು ಪ್ರಕಟಿಸುವ ಹೊಣೆ ನಮ್ಮದು. ಬಿಲ್ಡರ್ ಏನಾದರೂ ಹೇಳುವುದಿದ್ದರೆ ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

— ಸಂ.