ಬೀದಿ ನಾಯಿಗೊಂದು ಕಾನೂನು, ಲ್ಯಾಬಿನ ಇಲಿಗೊಂದು ಕಾನೂನಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಬೀದಿಯಲ್ಲಿ ಒಬ್ಬರು ಗೇಟಿನ ಹತ್ತಿರ ಮಲಗಿದ್ದ ನಾಯಿಯ ಮೇಲೆ ಕುದಿಯುವ ನೀರು ಸುರಿದರು. ಬೆನ್ನಿನ ಚರ್ಮ ಸುಲಿದುಹೋಗಿದೆ. ನಾವು ನಾಲ್ಕು ಜನ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟೆವು. ಈಗ ಅವರು ಎದುರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಬೆಂಗಳೂರಿನ ಲ್ಯಾಬುಗಳಲ್ಲಿ ದಿನಾ ಇಲಿ, ಮೊಲ ಕೊಯ್ಯುತ್ತಾರಲ್ಲ, ಅವರ ಮೇಲೆ ಕೇಸು ಹಾಕ್ತೀರಾ?" ನನಗೆ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಅವರಿಗೆ ಕಾನೂನೇ ಇಲ್ವಾ?
ಒಬ್ಬ ಓದುಗರು, ತುಮಕೂರು

ಉತ್ತರ: ಮೊದಲು ನಾಯಿಯ ವಿಷಯ. ಸುಟ್ಟ ಗಾಯಕ್ಕೆ ಎಣ್ಣೆ, ಅರಿಶಿನ, ಟೂತ್‌ಪೇಸ್ಟ್ ಏನೂ ಹಚ್ಚಬೇಡಿ. ನೊಣ ಕೂತು ಹುಳ ಬೀಳುವ ಮೊದಲು ಪಶು ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಬರೆದುಕೊಡುವ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೇಸಿಗೆ ಅದೇ ಸಾಕ್ಷಿ. ದೂರಿನಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11 ಮಾತ್ರ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ 325 ಕೂಡ ಸೇರಿಸಲು ಕೇಳಿ. ಯಾಕೆ ಅಂದರೆ ಸೆಕ್ಷನ್ 11ರಲ್ಲಿ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ಇವತ್ತಿಗೂ ಕಾಯ್ದೆಯ ಪುಸ್ತಕದಲ್ಲಿ ಅಷ್ಟೇ ಇದೆ. 325ರಲ್ಲಿ ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ 5 ವರ್ಷದವರೆಗೆ ಜೈಲು ಆಗಬಹುದು.

ಈಗ ಅವರ ಪ್ರಶ್ನೆ. ಅವರು ಕೇಳುತ್ತಿರುವುದು ತಪ್ಪಿಸಿಕೊಳ್ಳಲಿಕ್ಕೆ, ಆದರೂ ಪ್ರಶ್ನೆ ಸಣ್ಣದಲ್ಲ.

1960ರ ಕಾಯ್ದೆಯಲ್ಲಿ ಸೆಕ್ಷನ್ 11 ಯಾವುದು ಹಿಂಸೆ ಅಂತ ಹೇಳುತ್ತದೆ. ಹೊಡೆಯುವುದು, ಒದೆಯುವುದು, ತಾಳಲಾರದ ಹೊರೆ ಹೇರುವುದು, ಅನ್ನ ನೀರು ಕೊಡದೆ ಕೂಡಿಹಾಕುವುದು, ಹೀಗೆ ಪಟ್ಟಿ ಉದ್ದ ಇದೆ. ಅದೇ ಸೆಕ್ಷನ್ನಿನ ಕೊನೆಗೆ ಯಾವುದು ಈ ಪಟ್ಟಿಗೆ ಸೇರುವುದಿಲ್ಲ ಅಂತಲೂ ಇದೆ. ದನಕ್ಕೆ ಮೂಗುದಾರ ಹಾಕುವುದು, ಹೋರಿಯ ಬೀಜ ಒಡೆಯುವುದು, ಊಟಕ್ಕೆ ಕೊಲ್ಲುವುದು, ಜೊತೆಗೆ ನಾಲ್ಕನೇ ಅಧ್ಯಾಯದಲ್ಲಿ ಬರುವ ವಿಷಯಗಳು. ಆ ನಾಲ್ಕನೇ ಅಧ್ಯಾಯವೇ ಪ್ರಯೋಗಗಳದ್ದು. ಅದರ ಮೊದಲ ಸೆಕ್ಷನ್ 14. ಶರೀರದ ಬಗ್ಗೆ ಹೊಸ ತಿಳಿವಳಿಕೆ ಪಡೆಯಲು, ಜೀವ ಉಳಿಸಲು, ಆಯಸ್ಸು ಹೆಚ್ಚಿಸಲು, ನೋವು ತಗ್ಗಿಸಲು, ಮನುಷ್ಯ, ಪ್ರಾಣಿ, ಗಿಡ ಯಾವುದರ ರೋಗವನ್ನಾದರೂ ಎದುರಿಸಲು ಪ್ರಾಣಿಯ ಮೇಲೆ ಪ್ರಯೋಗ ಮಾಡಿದರೆ ಅದು ಈ ಕಾಯ್ದೆಯ ಪ್ರಕಾರ ಅಪರಾಧವಲ್ಲ. ಗಿಡದ ರೋಗ ಕೂಡ ಸೇರಿದೆ ನೋಡಿ, ಬಾಗಿಲು ಅಷ್ಟು ದೊಡ್ಡದು.

ಈ ಕಾಯ್ದೆಗೆ ಕಾರಣರಾದವರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ರಾಜ್ಯಸಭೆಯಲ್ಲಿದ್ದಾಗ ಅವರು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಂಡರು. ಕೊನೆಗೆ ಬಂದ ಸರ್ಕಾರಿ ಕಾನೂನಿನಲ್ಲಿ ಹಿಂಸೆಗೆ ತಡೆಯೂ ಇದೆ, ಪ್ರಯೋಗಕ್ಕೆ ವಿನಾಯಿತಿಯೂ ಇದೆ.

ಆದರೆ ಲ್ಯಾಬಿನವರು ಮನಸ್ಸಿಗೆ ಬಂದದ್ದು ಮಾಡಬಹುದು ಅಂತ ಇದರ ಅರ್ಥ ಅಲ್ಲವೇ ಅಲ್ಲ. ಬಾಗಿಲ ಹಿಂದೆಯೇ ಕಾವಲು ಇದೆ. ಸೆಕ್ಷನ್ 15ರ ಪ್ರಕಾರ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಬಹುದು, ಮಾಡಿದೆ. ಸೆಕ್ಷನ್ 17 ಆ ಸಮಿತಿಯ ಕರ್ತವ್ಯ ಹೇಳುತ್ತದೆ: ಪ್ರಾಣಿಗೆ ಅನವಶ್ಯಕ ನೋವಾಗದಂತೆ ನೋಡಿಕೊಳ್ಳಬೇಕು, ಆಪರೇಷನ್ ಇದ್ದರೆ ಅರಿವಳಿಕೆ ಕೊಡಬೇಕು, ಎಚ್ಚರವಾದರೆ ತೀರಾ ನರಳುವಷ್ಟು ಗಾಯವಾಗಿದ್ದರೆ ಎಚ್ಚರವಾಗುವ ಮೊದಲೇ ಕೊನೆಗಾಣಿಸಬೇಕು, ಇಲಿಯಲ್ಲಿ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿ ಬಳಸಬಾರದು, ಲೆಕ್ಕ ಬರೆದಿಡಬೇಕು. 1998ರಲ್ಲಿ ನಿಯಮಗಳು ಬಂದವು, 2001ರಲ್ಲಿ ಮತ್ತು 2006ರಲ್ಲಿ ತಿದ್ದುಪಡಿ ಆದವು. ಈಗ ಪ್ರಯೋಗ ಮಾಡುವ ಸಂಸ್ಥೆ ನೋಂದಣಿ ಮಾಡಿಸಲೇಬೇಕು. ಪ್ರಾಣಿಗಳನ್ನು ನೋಂದಾಯಿತ ತಳಿ ಸಾಕಣೆದಾರರಿಂದ ತರಬೇಕು, ಅಲ್ಲಿ ಸಿಗದಿದ್ದರೆ ಮಾತ್ರ ಅನುಮತಿ ಪಡೆದು ಬೇರೆ ಕಾನೂನುಬದ್ಧ ಮೂಲದಿಂದ. ಪ್ರತಿ ಪ್ರಯೋಗಕ್ಕೂ ಮುಂಚೆ ಸಂಸ್ಥೆಯೊಳಗಿನ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಬೇಕು. ಎಷ್ಟು ಪ್ರಾಣಿ, ಯಾಕೆ ಅಷ್ಟೇ, ಬೇರೆ ದಾರಿ ಇಲ್ವಾ, ನೋವಿಗೆ ಏನು ಮಾಡುತ್ತೀರಿ, ಕೊನೆಗೆ ಪ್ರಾಣಿಯ ಗತಿ ಏನು, ಎಲ್ಲ ಬರೆಯಬೇಕು. ಕಮಿಟಿಯಲ್ಲಿ ಪಶುವೈದ್ಯ ಇರಬೇಕು, ಹೊರಗಿನ ವಿಜ್ಞಾನಿ ಇರಬೇಕು, ವಿಜ್ಞಾನಿಯಲ್ಲದ ಸಾಮಾಜಿಕ ಕಳಕಳಿಯ ಒಬ್ಬರೂ ಇರಬೇಕು. ಹಾಗಾಗಿ ನಿಮ್ಮ ಬೀದಿಯವರಿಗೆ ಹೇಳಿ: ಲ್ಯಾಬಿನವರಿಗೆ ಕಾನೂನು ಇದೆ, ಮಾಡುವ ಮೊದಲೇ ಕಾರಣ ಬರೆದುಕೊಟ್ಟು ಒಪ್ಪಿಗೆ ತರಬೇಕು. ಕುದಿಯುವ ನೀರಿಗೆ ನೀವು ಯಾವ ಕಾರಣ ಬರೆಯುತ್ತೀರಿ ಅಂತ ಕೇಳಿ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ.

ನಾನು ಕೆಲವು ವರ್ಷ ಇಂಥ ಒಂದು ಕಮಿಟಿಯಲ್ಲಿ ಪಶುವೈದ್ಯನಾಗಿ ಕೂತಿದ್ದೆ. ಯಾವ ಸಂಸ್ಥೆ ಅನ್ನುವುದು ಬೇಡ. ಒಂದು ಬೆಳಿಗ್ಗೆ ಅನಿಮಲ್ ಹೌಸಿಗೆ ಹೋದಾಗ ಹಿಂದಿನ ದಿನ ಕಾಲಿನ ಮೂಳೆ ಆಪರೇಷನ್ ಆಗಿದ್ದ ಬಿಳಿ ಇಲಿಗಳು ಪಂಜರದಲ್ಲಿದ್ದವು. ಭತ್ತದ ಹೊಟ್ಟಿನ ಹಾಸಿಗೆ, ಅದರ ಮೂಲೆಯಲ್ಲಿ ಒಂದು ಇಲಿ ಬೆನ್ನು ಗೂನು ಮಾಡಿ ಕೂತಿತ್ತು. ಕೂದಲು ಎದ್ದು ನಿಂತಿತ್ತು. ಕಣ್ಣಿನ ಸುತ್ತ ಕೆಂಪಗೆ ಒಣಗಿದ ಗೆರೆ. ಸಂಶೋಧನೆ ಮಾಡುತ್ತಿದ್ದ ಹುಡುಗಿ ಅದನ್ನು ರಕ್ತ ಅಂದುಕೊಂಡು ಹತ್ತಿಯಿಂದ ಒರೆಸುತ್ತಿದ್ದಳು. ಅದು ರಕ್ತ ಅಲ್ಲ. ಇಲಿಗೆ ನೋವೋ ಹೆದರಿಕೆಯೋ ಜಾಸ್ತಿಯಾದಾಗ ಕಣ್ಣಿನ ಹಿಂದಿನ ಗ್ರಂಥಿಯಿಂದ ಕೆಂಪು ದ್ರವ ಬರುತ್ತದೆ. ಇಲಿ ನಾಯಿಯ ಹಾಗೆ ಕೂಗಿ ಹೇಳುವುದಿಲ್ಲ, ಹೀಗೆ ಹೇಳುತ್ತದೆ. ನಾನು ಫೈಲು ತೆಗೆಸಿ ನೋಡಿದೆ. ಅರಿವಳಿಕೆ ಏನು ಅಂತ ಬರೆದಿತ್ತು, ಎಷ್ಟು ಅಂತ ಬರೆದಿತ್ತು. ಎಚ್ಚರವಾದ ಮೇಲಿನ ನೋವಿಗೆ ಏನು ಕೊಡುತ್ತೀರಿ ಅನ್ನುವ ಜಾಗದಲ್ಲಿ ಒಂದು ಸಣ್ಣ ಗೀಟು. ಆ ಗೀಟಿನ ಕೆಳಗೆ ನಮ್ಮೆಲ್ಲರ ಸಹಿ, ನನ್ನದೂ ಸೇರಿ. ಅವತ್ತೇ ನೋವಿನ ಔಷಧಿ ಕೊಡಿಸಿದೆವು, ಸಂಜೆಗೆ ಅದು ಆಹಾರ ಮೂಸಿ ನೋಡಿತು. ಅವತ್ತಿನಿಂದ ಆ ಗೀಟು ಇರುವ ಒಂದು ಅರ್ಜಿಗೂ ನಾನು ಸಹಿ ಹಾಕಲಿಲ್ಲ.

ಕಾನೂನಿನ ದುರ್ಬಲ ಜಾಗ ಇದೇ. ಸೆಕ್ಷನ್ 17ರಲ್ಲಿ ಅಲ್ಲಲ್ಲಿ "ಆದಷ್ಟು ಮಟ್ಟಿಗೆ" ಅಂತ ಇದೆ. ಆದಷ್ಟು ಅಂದರೆ ಎಷ್ಟು ಅನ್ನುವುದನ್ನು ಆ ಟೇಬಲ್ ಸುತ್ತ ಕೂತವರೇ ತೀರ್ಮಾನಿಸುತ್ತಾರೆ. ಅವರು ಅರ್ಜಿ ಓದದೆ ಬಂದರೆ ವಿನಾಯಿತಿ ಒಂದೇ ಉಳಿಯುತ್ತದೆ, ಕಾವಲು ಇರುವುದಿಲ್ಲ. ಇನ್ನು ಶಿಕ್ಷೆ. ಸಮಿತಿಯ ಆದೇಶ ಅಥವಾ ಷರತ್ತು ಮುರಿದರೆ ಸೆಕ್ಷನ್ 20ರ ಪ್ರಕಾರ ದಂಡ ಹೆಚ್ಚೆಂದರೆ 200 ರೂಪಾಯಿ. ಸಮಿತಿ ಪ್ರಯೋಗವನ್ನೇ ನಿಲ್ಲಿಸಬಹುದು, ಸೆಕ್ಷನ್ 19ರಲ್ಲಿ ಆ ಅಧಿಕಾರ ಇದೆ, ದೊಡ್ಡ ಸಂಸ್ಥೆಗಳು ಹೆದರುವುದು ಅದಕ್ಕೇ. ಆದರೂ 200 ರೂಪಾಯಿ ಅನ್ನುವುದು ನಾಚಿಕೆಗೇಡು. ಪ್ರಯೋಗಕ್ಕೆ ವಿನಾಯಿತಿ ಬೇಕು ಅನ್ನುವವನೇ ನಾನು. ಆ ವಿನಾಯಿತಿ ಪಡೆದವರು ಅಜಾಗರೂಕರಾದರೆ ಬೀದಿಯವನಿಗಿಂತ ಜಾಸ್ತಿ ಶಿಕ್ಷೆ ಆಗಬೇಕು ಅನ್ನುವವನೂ ನಾನೇ. ಅವರಿಗೆ ಗೊತ್ತಿದೆಯಲ್ಲ, ಅದಕ್ಕೆ.

ಪ್ರಶ್ನೆ: ಸರ್, ನಾನು ಬಿ.ಫಾರ್ಮ ವಿದ್ಯಾರ್ಥಿನಿ. ಮೊಲದ ಕಣ್ಣಿಗೆ ಔಷಧಿ ಹಾಕಿ ಪಾಪೆ ಹಿಗ್ಗುವುದನ್ನು ನೋಡುವ ಪ್ರಯೋಗ ಇದೆ ಅಂತ ಸೀನಿಯರ್ಸ್ ಹೇಳುತ್ತಾರೆ. ನನ್ನಿಂದ ಆಗುವುದಿಲ್ಲ. ಬೇಡ ಅಂದರೆ ಮಾರ್ಕ್ಸ್ ಕಟ್ ಮಾಡುತ್ತಾರಾ?
ಓದುಗರು, ದಾವಣಗೆರೆ

ಉತ್ತರ: ನೋಡಮ್ಮ, ಇದರಲ್ಲಿ ಕಾನೂನು ನಿನ್ನ ಕಡೆಗಿದೆ. ವೈದ್ಯಕೀಯ ಶಾಲೆ, ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಫಿಲಂ ಇಂಥವುಗಳಿಂದಲೇ ಕಲಿಸಲು ಆಗುವುದಾದರೆ ಪ್ರಾಣಿ ಬಳಸುವುದನ್ನು ತಪ್ಪಿಸಬೇಕು ಅಂತ 1960ರ ಕಾಯ್ದೆಯೇ ಹೇಳುತ್ತದೆ. ಬರೀ ಕೈ ಪಳಗಿಸಿಕೊಳ್ಳಲು ಪ್ರಯೋಗ ಬೇಡ ಅಂತಲೂ ಇದೆ. 1960ರಲ್ಲಿ! ಫಿಲಂ ರೀಲು ತಿರುಗಿಸುತ್ತಿದ್ದ ಕಾಲದಲ್ಲೇ ಅದು ಸಾಕು ಅಂತ ಯಾರಿಗೋ ಅನಿಸಿತ್ತು, ಈಗ ಕಂಪ್ಯೂಟರ್ ಇದೆ. ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆಯಲ್ಲಿ ಎಕ್ಸ್‌ಫಾರ್ಮ್ ಅನ್ನುವ ಸಾಫ್ಟ್‌ವೇರ್ ಮಾಡಿದ್ದಾರೆ, ಮೊಲದ ಕಣ್ಣಿನ ಪ್ರಯೋಗ ಅದರಲ್ಲೇ ಇದೆ. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಕೊಯ್ಯುವುದನ್ನು ಹಂತ ಹಂತವಾಗಿ ಕಡಿಮೆ ಮಾಡಿ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2011ರಲ್ಲಿ ಹೇಳಿತು, 2014ರಲ್ಲಿ ನಿಲ್ಲಿಸಿ ಅಂತಲೇ ಹೇಳಿತು.

ನಾನು ಓದುವಾಗ ಮೇಣದ ತಟ್ಟೆಯ ಮೇಲೆ ಕಪ್ಪೆಯ ನಾಲ್ಕು ಕಾಲಿಗೂ ಗುಂಡುಪಿನ್ನು ಚುಚ್ಚಿ ಹೊಟ್ಟೆ ಬಿಡಿಸುತ್ತಿದ್ದೆವು. ತರಗತಿಗೆ 40 ಜನ, 40 ಕಪ್ಪೆ. ಎಲ್ಲರೂ ನೋಡಿದ್ದು ಒಂದೇ ಹೃದಯ, ಪುಸ್ತಕದಲ್ಲಿ ಇದ್ದದ್ದೇ. ಅದರಿಂದ ಹೊಸದಾಗಿ ಏನೂ ಗೊತ್ತಾಗಲಿಲ್ಲ. ಸೆಕ್ಷನ್ 14 ವಿನಾಯಿತಿ ಕೊಡುವುದು ಹೊಸ ತಿಳಿವಳಿಕೆಗೆ, ಜೀವ ಉಳಿಸುವ ಕೆಲಸಕ್ಕೆ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಮಾಡಿ ತೋರಿಸಲಿಕ್ಕೆ ಅಲ್ಲ.

ಸುಮ್ನೆ ಜಗಳಕ್ಕೆ ಹೋಗಬೇಡ. ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆ. "ಈ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯೇ, ನಾನು ಸಾಫ್ಟ್‌ವೇರಿನಲ್ಲಿ ಮಾಡಬಹುದೇ" ಅಂತ ಎರಡೇ ಸಾಲು. ಇನ್ನೂ ನಾಲ್ಕು ಜನ ಸಹಿ ಹಾಕಿದರೆ ಒಳ್ಳೆಯದು. ಮುಂದೆ ನೀನು ಔಷಧಿ ಸಂಶೋಧನೆಗೇ ಹೋಗಬಹುದು, ಆಗ ಪ್ರಾಣಿಯನ್ನು ಮುಟ್ಟಬೇಕಾಗಿ ಬರಬಹುದು. ನಿನ್ನಂಥವರು ಅಲ್ಲಿ ಇದ್ದರೆ ಆ ಪ್ರಾಣಿಗಳಿಗೆ ಒಳ್ಳೆಯದು, ಹೆದರಿ ಬಿಡಬೇಡ.

ಪ್ರಶ್ನೆ: ಶಾಂಪೂ, ಕ್ರೀಮ್ ಮೇಲೆ ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಅಂತ ಮೊಲದ ಚಿತ್ರ ಇರುತ್ತದೆ. ಅಂದರೆ ಉಳಿದವರು ಪರೀಕ್ಷೆ ಮಾಡುತ್ತಾರಾ?
ಓದುಗರು, ಹುಬ್ಬಳ್ಳಿ

ಉತ್ತರ: ಭಾರತದಲ್ಲಿ ಯಾರೂ ಮಾಡುವಂತಿಲ್ಲ. 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿದರು, ಅದೇ ವರ್ಷ ಹಾಗೆ ಪರೀಕ್ಷಿಸಿದ ಮಾಲಿನ ಆಮದನ್ನೂ ನಿಲ್ಲಿಸಿದರು. ತುಟಿಗೆ ಬಣ್ಣ ಹಚ್ಚಲು ಮೊಲದ ಕಣ್ಣು ಉರಿಯಬೇಕಾಗಿಲ್ಲ ಅಂತ ದೇಶ ಒಪ್ಪಿಕೊಂಡಿತು. ಇದು ಸೌಂದರ್ಯವರ್ಧಕಕ್ಕೆ ಮಾತ್ರ, ಔಷಧಿಗೆ ಅಲ್ಲ. ಆದರೆ 2023ರಲ್ಲಿ ಹೊಸ ಔಷಧಿಗಳ ನಿಯಮಗಳಿಗೂ ತಿದ್ದುಪಡಿ ಬಂತು. ಜೀವಕೋಶ, ಕಂಪ್ಯೂಟರ್ ಮಾದರಿ ಇಂಥ ಪ್ರಾಣಿಯಿಲ್ಲದ ಪರೀಕ್ಷೆಗಳಿಗೂ ಅಲ್ಲಿ ಜಾಗ ಸಿಕ್ಕಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತ್ತು. ಹತ್ತು ಬಾಟಲಿ ಔಷಧಿ ಏರಿಸಿ ಉಳಿಸಿದರು. ಅದನ್ನು ಕುದುರೆಯ ರಕ್ತದಿಂದ ಮಾಡುತ್ತಾರೆ ಅಂತ ನರ್ಸಮ್ಮ ಹೇಳಿದರು. ಆವತ್ತಿನಿಂದ ಮನಸ್ಸಿಗೆ ಒಂಥರಾ ಆಗಿದೆ. ಆ ಕುದುರೆಗಳ ಗತಿ ಏನು? ಇದು ಪಾಪ ಅಲ್ವಾ?
ಓದುಗರು, ಶಿರಸಿ ಹತ್ತಿರದ ಹಳ್ಳಿ

ಉತ್ತರ: ಅಮ್ಮಾ, ಯಜಮಾನರು ಉಳಿದರಲ್ಲ, ಮೊದಲು ಅದಕ್ಕೆ ಸಮಾಧಾನಪಡಿ. ನಿಮ್ಮ ಮೇಲೆ ಯಾವ ಪಾಪವೂ ಇಲ್ಲ.

ನರ್ಸಮ್ಮ ಹೇಳಿದ್ದು ನಿಜ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳರ ಸಹಕಾರ ಸಂಘ ತೆಗೆದುಕೊಡುತ್ತದೆ. ಆ ವಿಷವನ್ನು ಕುದುರೆಗೆ ತೀರಾ ಕಡಿಮೆ ಪ್ರಮಾಣದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಕುದುರೆಯ ಮೈ ಅದರ ವಿರುದ್ಧ ಪ್ರತಿಕಾಯ, ಅಂದರೆ ವಿಷವನ್ನು ತಡೆಯುವ ವಸ್ತು, ಬೆಳೆಸಿಕೊಳ್ಳುತ್ತದೆ. ಆಮೇಲೆ ಅದರ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ತಿಳಿಯಾದ ಪ್ಲಾಸ್ಮಾ ಬೇರ್ಪಡಿಸುತ್ತಾರೆ. ಕೆಂಪು ಕಣಗಳನ್ನು ವಾಪಸ್ ಕುದುರೆಗೇ ಏರಿಸುವ ಪದ್ಧತಿಯೂ ಇದೆ. ಕುದುರೆ ಸಾಯುವುದಿಲ್ಲ, ಆದರೆ ವರ್ಷಗಟ್ಟಲೆ ಇದೇ ಅದರ ಬದುಕು. ವಿಷ ಚುಚ್ಚಿದ ಜಾಗ ಬಾವು ಬರುತ್ತದೆ. ನೋಡಿಕೊಳ್ಳುವವರು ಒಳ್ಳೆಯವರಾಗಿದ್ದರೆ ಕುದುರೆ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ರಕ್ತಹೀನತೆಯಿಂದ ಸೊರಗುತ್ತದೆ. ಈ ಕುದುರೆಗಳಿಗೂ ಕೇಂದ್ರ ಸಮಿತಿಯ ಮಾರ್ಗಸೂಚಿ ಇದೆ.

ಕುದುರೆಗಿಂತ ನನಗೆ ಜಾಸ್ತಿ ಸಂಕಟ ಕೊಡುವುದು ಔಷಧಿಯ ಶಕ್ತಿ ಅಳೆಯುವ ಪರೀಕ್ಷೆ. ವಿಷ ಮತ್ತು ಔಷಧಿ ಬೆರೆಸಿ ಸಣ್ಣ ಇಲಿಗಳಿಗೆ ಚುಚ್ಚುತ್ತಾರೆ. ಎಷ್ಟು ಔಷಧಿಗೆ ಅರ್ಧದಷ್ಟು ಇಲಿ ಬದುಕುತ್ತವೆ ಅಂತ ಲೆಕ್ಕ. ಉಳಿದರ್ಧ ಸಾಯುತ್ತವೆ, ಅದೂ ಹಾವಿನ ವಿಷದಿಂದ. ಈ ಪರೀಕ್ಷೆ ಇಲ್ಲದೆ ಔಷಧಿ ಹೊರಗೆ ಬಂದು, ಅದು ಕೆಲಸ ಮಾಡದೆ ನಿಮ್ಮ ಯಜಮಾನರು ಹೋಗಿದ್ದರೆ? ಹಾಗಾಗಿ ಇವತ್ತೇ ನಿಲ್ಲಿಸಿ ಅನ್ನಲು ನನ್ನ ಬಾಯಿ ಬರುವುದಿಲ್ಲ. ಬೇರೆ ದಾರಿ ಹುಡುಕಲು ಇನ್ನೂ ಜಾಸ್ತಿ ದುಡ್ಡು, ಜನ ಹಾಕಿ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ದಾರಿ ಬದಲಾಗುತ್ತದೆ, ನಮ್ಮ ಕಣ್ಣೆದುರೇ ಬದಲಾಗಿದೆ. ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕೊಡುತ್ತಿದ್ದದ್ದು ನಿಮಗೆ ನೆನಪಿರಬಹುದು. ಅದನ್ನು ರೇಬಿಸ್ ತಗುಲಿಸಿದ ಕುರಿಯ ಮೆದುಳಿನಿಂದ ಮಾಡುತ್ತಿದ್ದರು. ಎರಡು ದಶಕದ ಹಿಂದೆ ಅದು ನಿಂತಿತು. ಈಗಿನ ಲಸಿಕೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶದಲ್ಲಿ ಮಾಡುತ್ತಾರೆ, ತೋಳಿಗೆ ಕೊಡುತ್ತಾರೆ, ಕೆಲಸವೂ ಹೆಚ್ಚು ಚೆನ್ನಾಗಿ ಮಾಡುತ್ತದೆ. ಹಾವಿನ ಔಷಧಿಯಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಕುದುರೆಯೇ ಬೇಡದ, ಪ್ರಯೋಗಾಲಯದಲ್ಲೇ ತಯಾರಿಸಿದ ಮಾನವ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿದರು. ಅದು ನಾಗರಹಾವಿನ ಜಾತಿಯ ಹಾವುಗಳ ಒಂದು ಬಗೆಯ ನಂಜಿಗೆ, ಕೊಳಕುಮಂಡಲದ ವಿಷಕ್ಕೆ ಆಗುವುದಿಲ್ಲ. ಅದನ್ನೂ ಇಲಿಗಳ ಮೇಲೆಯೇ ಪರೀಕ್ಷಿಸಿದ್ದು.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ನಿಮ್ಮ ಯಜಮಾನರ ಹೆಸರು ಅಲ್ಲಿ ದಾಖಲಾಗಿದೆಯಾ ಕೇಳಿ. ಇನ್ನೊಂದು ಮಾತು. ಕೊಳಕುಮಂಡಲದ ವಿಷ ಕಿಡ್ನಿಗೆ ಏಟು ಕೊಡುತ್ತದೆ. ಮನೆಗೆ ಬಂದ ಮೇಲೆ ಅವರಿಗೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲ ಅಂದರೆ ಈ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮುಖ ಊದಿದರೆ, ಮೂತ್ರ ಕಡಿಮೆಯಾದರೆ ವಾರ ಕಾಯಬೇಡಿ, ಅವತ್ತೇ ಹೊರಡಿ.