ಅಭಾ ಮಾಡುವಾಗ ಓಟಿಪಿ ಬರದಿದ್ದರೆ

ನಿಮ್ಮ ಶಹಾಪುರದ ಕ್ಲಿನಿಕ್‌ನಲ್ಲಿ ಓಟಿಪಿ ಬರದೆ ಎಷ್ಟೋ ರೋಗಿಗಳಿಗೆ ಅಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ನಂಬರ್ ಆಗ್ತಿಲ್ಲ ಅಂದಿದ್ದೀರಿ, ಅದು ಬಹುಶಃ ಸಾಫ್ಟ್‌ವೇರ್ ತೊಂದರೆ ಅಲ್ಲ, ಓಟಿಪಿ ಹೋಗೋದು ಆಧಾರ್‌ಗೆ ಜೋಡಿಸಿರೋ ಮೊಬೈಲಿಗೆ, ಆ ನಂಬರ್ ಬೇರೆ ಇರಬೇಕು. ನಮ್ಮ ಕಡೆ ಇದು ಜಾಸ್ತಿ. ಮಗ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತಾನೆ, ತಾಯಿಯ ಆಧಾರ್‌ನಲ್ಲಿ ಅವನ ನಂಬರೇ ಇರುತ್ತದೆ, ಓಟಿಪಿ ಅವನ ಫೋನಿಗೆ ಹೋಗುತ್ತದೆ.

ಮೊದಲು ಮೈಆಧಾರ್ ವೆಬ್‌ಸೈಟ್‌ನಲ್ಲಿ ಆಧಾರ್ ಚಾಲ್ತಿಯಲ್ಲಿದೆಯಾ ಅಂತ ನೋಡುವ ಕಡೆ ಹೋಗಿ. ಆಧಾರ್ ನಂಬರ್ ಹಾಕಿದರೆ ಜೋಡಿಸಿದ ಮೊಬೈಲಿನ ಕೊನೆಯ 3 ಅಂಕಿ ಕಾಣುತ್ತವೆ. ರೋಗಿಯ ಕೈಲಿರೋ ಫೋನಿಗೆ ಹೊಂದಲಿಲ್ಲ ಅಂದ್ರೆ ಕಾರಣ ಸಿಕ್ಕಿತು. ಮಗನ ನಂಬರ್ ಅಂತ ಗೊತ್ತಾದರೆ ಅಲ್ಲೇ ಫೋನ್ ಹಚ್ಚಿಸಿ, ತಾಯಿಯೇ ಓಟಿಪಿ ಕೇಳಿ ಹೇಳಲಿ. ನಂಬರ್ ಬಂದ್ ಆಗಿದ್ದರೆ ಆಧಾರ್ ಕೇಂದ್ರಕ್ಕೆ ಕಳಿಸಿ, ಮೊಬೈಲ್ ಬದಲಿಸಲು ಕಾಗದಪತ್ರ ಬೇಡ, ಆದರೆ ಬೆರಳಚ್ಚು ಕೊಡಲು ಅವರೇ ಹೋಗಬೇಕು. ಅಂಕಿ ಹೊಂದಿಯೂ ಬರದಿದ್ದರೆ ನೆಟ್‌ವರ್ಕ್ ಇರಬಹುದು, ಸ್ವಲ್ಪ ಬಿಟ್ಟು ಮತ್ತೆ ನೋಡಿ.

ದಯವಿಟ್ಟು ಅಭಾದಲ್ಲಿ ಕಾಂಪೌಂಡರ್ ನಂಬರ್ ಹಾಕಿ ಸುಮ್ನೆ ಕೆಲಸ ಮುಗಿಸಬೇಡಿ. ನಾಳೆ ಆ ರೋಗಿ ತನ್ನ ಖಾತೆ ತೆರೆಯಲು ಹೋದರೆ ಓಟಿಪಿ ಕಾಂಪೌಂಡರ್ ಫೋನಿಗೆ ಬರುತ್ತದೆ, ರೋಗಿಯ ರಿಪೋರ್ಟ್ ರೋಗಿಯ ಕೈಲೇ ಇರಬೇಕಲ್ವಾ.

ಅಭಾ ಕಡ್ಡಾಯ ಅಲ್ಲ. ಹೆಸರು, ವಯಸ್ಸು, ಊರು ಬರೆದು ಚಿಕಿತ್ಸೆ ಕೊಡಿ, 14 ಅಂಕಿಯ ಅಭಾ ನಂಬರ್ ಆದಮೇಲೆ ಅದೇ ದಾಖಲೆಗೆ ಜೋಡಿಸಿ.